ಅರೇಬಿಕಾ ಕೊಯ್ಲು: ಕೆ.ಜಿ. ಲೆಕ್ಕವೋ, ದಂಡವೋ, ಬೋನಸ್ಸೋ, ಮೊರವೋ?

ಕೊಡಗಿನ ಸುಂಟಿಕೊಪ್ಪ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಲೆಕ್ಕ ಬರೆಯುವವನು. ಅರೇಬಿಕಾ ಜಾತಿಯ ಕಾಫಿ ಕೊಯ್ಲಿನಲ್ಲಿ ಕೆಂಪು ಹಣ್ಣು ಚೀಲಕ್ಕೆ ಬರಬೇಕು, ಹಸಿರು ಕಾಯಿ ಗಿಡದಲ್ಲೇ ಉಳಿಯಬೇಕು. ಕಾಯಿ ಸೇರಿದರೆ ಪಲ್ಪರ್‌ನಲ್ಲಿ (ಸಿಪ್ಪೆ ಬಿಡಿಸುವ ಯಂತ್ರ) ಸಿಪ್ಪೆ ಸರಿಯಾಗಿ ಬಿಡುವುದಿಲ್ಲ, ಕಾಫಿಯೂ ಒಗರಾಗುತ್ತದೆ. ಇದನ್ನು ತಡೆಯಲು ಕೂಲಿಯ ಲೆಕ್ಕವನ್ನು ಬೇರೆ ಬೇರೆ ಥರ ಮಾಡಿ ನೋಡಿದ್ದೇವೆ.

ವೇಗದಲ್ಲಿ ಕೆ.ಜಿ. ಲೆಕ್ಕವನ್ನು, ಅಂದರೆ ಕೊಯ್ದ ತೂಕಕ್ಕೆ ಕೂಲಿ ಕೊಡುವುದನ್ನು, ಯಾವುದೂ ಮೀರಿಸುವುದಿಲ್ಲ. ಆದರೆ ಕೈ ಒಂದೊಂದೇ ಹಣ್ಣನ್ನು ಬಿಡಿಸುವ ಬದಲು ಇಡೀ ರೆಕ್ಕೆಯನ್ನೇ (ಗಿಡದ ಕೊಂಬೆ) ಸವರಿಬಿಡುತ್ತದೆ. ಹಣ್ಣು, ಕಾಯಿ, ಎಲೆ ಎಲ್ಲವೂ ಒಟ್ಟಿಗೆ ಬರುತ್ತವೆ. ಇದು ಕೆಲಸದವರ ಕಳ್ಳತನವಲ್ಲ. ತಕ್ಕಡಿ ಕೇಳುವುದು ತೂಕವನ್ನು ಮಾತ್ರ, ಅವರು ಕೊಡುವುದೂ ಅದನ್ನೇ. ಕೆಲಸಕ್ಕೆ ಎರಡು ಮುಖ ಇದ್ದು ಅಳೆಯಲು ಸುಲಭವಾದ ಒಂದಕ್ಕೆ ಮಾತ್ರ ದುಡ್ಡು ಕೊಟ್ಟರೆ, ಇನ್ನೊಂದು ಸೊರಗುತ್ತದೆ ಎಂದು ಅರ್ಥಶಾಸ್ತ್ರಜ್ಞರಾದ ಹೋಲ್ಮ್‌ಸ್ಟ್ರಾಮ್ ಮತ್ತು ಮಿಲ್ಗ್ರಾಮ್ 1991ರಲ್ಲೇ ತೋರಿಸಿದ್ದರು. ಕಾಫಿಯ ಇನ್ನೊಂದು ಜಾತಿ ರೊಬಸ್ಟಾಗೆ ಮಾತ್ರ ಕೆ.ಜಿ. ಲೆಕ್ಕವೇ ಸರಿ. ಅದನ್ನು ನಾವು ಪಲ್ಪರ್‌ಗೆ ಹಾಕದೆ, ಸಿಪ್ಪೆ ಸಮೇತ ಹಾಗೇ ಕಣದಲ್ಲಿ ಹರಡಿ ಒಣಗಿಸಿ ಚೆರಿ ಮಾಡುತ್ತೇವೆ.

ಕೆ.ಜಿ. ಲೆಕ್ಕದ ಮೇಲೆ ಕಾಯಿಗೆ ದಂಡ ಹಾಕಿದಾಗ ಇನ್ನೂ ಕೆಟ್ಟಿತು. ಕಾಯಿ ಚೀಲದ ತಳಕ್ಕೆ ಹೋಯಿತು. "ದಂಡ ಕಟ್ತೀನಲ್ಲ ಅಣ್ಣ, ಬಿಡಿ" ಅಂತ ಒಬ್ಬರು ನೇರವಾಗಿಯೇ ಅಂದರು. ಅಂದರೆ ಕಾಯಿ ಕೊಯ್ಯುವುದಕ್ಕೆ ನಾವೇ ಒಂದು ರೇಟ್ ಕಟ್ಟಿದಂತಾಯಿತು, ಅಲ್ವಾ? ಇಸ್ರೇಲಿನ ಹೈಫಾದ ಶಿಶುವಿಹಾರಗಳಲ್ಲಿ ಆದದ್ದೂ ಇದೇ. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ದಂಡ ಹಾಕಿದ ಮೇಲೆ ತಡವಾಗುವುದು ಹೆಚ್ಚಿತು. ದಂಡ ತೆಗೆದ ಮೇಲೂ ಇಳಿಯಲಿಲ್ಲ. ಅರ್ಥಶಾಸ್ತ್ರಜ್ಞರಾದ ಗ್ನೀಜಿ ಮತ್ತು ರಸ್ಟಿಕಿನಿ 2000ರಲ್ಲಿ ಇದನ್ನು ಪ್ರಕಟಿಸಿದರು. ದಂಡದ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ.

ದಿನಗೂಲಿ ಜೊತೆಗೆ ಸೀಸನ್ ಕೊನೆಯ ಬೋನಸ್ ಪರವಾಗಿಲ್ಲ. ಆದರೆ ಮಾರ್ಚ್‌ನಲ್ಲಿ ಸಿಗುವ ದುಡ್ಡು ಡಿಸೆಂಬರ್‌ನ ಕೈಯನ್ನು ತಡೆಯುವುದಿಲ್ಲ.

ನನಗೆ ಒಪ್ಪಿಗೆಯಾದದ್ದು ದಿನಗೂಲಿ ಮತ್ತು ಮೊರ. ಸಂಜೆ ತೂಕಕ್ಕೆ ಮೊದಲು ಪ್ರತಿ ಚೀಲದ ನಡುವಿನಿಂದ ಒಂದು ಸೇರು ತೆಗೆದು ಮೊರದ ಮೇಲೆ ಹರಡುತ್ತೇವೆ. ಕೊಯ್ದವರೇ ಕಾಯಿಯನ್ನು ಒಂದು ಬದಿಗೆ ಸರಿಸುತ್ತಾರೆ. ಬೈಗುಳ ಇಲ್ಲ, ಕಡಿತ ಇಲ್ಲ. ಕಾಯಿ ಕಡಿಮೆ ಇದ್ದರೆ ಮೇಸ್ತ್ರಿ ಹೆಸರು ಹಿಡಿದು "ಚೆನ್ನಾಗಿ ಕೊಯ್ದಿದ್ದೀರಿ ಅಕ್ಕ" ಅನ್ನುತ್ತಾರೆ, ಅಷ್ಟೇ. ಕಾಯಿ ಜಾಸ್ತಿ ಇದ್ದರೆ ಮರುದಿನ ಬೆಳಿಗ್ಗೆ ಗಿಡದ ಹತ್ತಿರ ನಿಂತು ಯಾವ ಬಣ್ಣಕ್ಕೆ ಕೊಯ್ಯಬೇಕೆಂದು ತೋರಿಸುತ್ತಾರೆ. ಮಾಡಿದ ಕೆಲಸದ ಫಲ ಅಂದೇ ಕಣ್ಣಿಗೆ ಬೀಳುತ್ತದೆ. ವರ್ತನೆ ಬದಲಾಗಬೇಕಾದರೆ ಫಲ ಕೂಡಲೇ ಸಿಗಬೇಕು ಅನ್ನುವುದು ಮನೋವಿಜ್ಞಾನಿ ಸ್ಕಿನ್ನರ್ ಕಾಲದಿಂದ ಬಂದ ಪಾಠ. ಇನ್ನೊಂದು ಲಾಭ, ಅಸ್ಸಾಂನಿಂದ ಬಂದವರಿಗೂ ಮೊರ ಅರ್ಥವಾಗುತ್ತದೆ. ಭಾಷೆಯ ತೊಡಕೇ ಇಲ್ಲ.

ಕೆ.ಜಿ. ಲೆಕ್ಕಕ್ಕೆ ಹೋಲಿಸಿದರೆ ಇದು ನಿಧಾನ. ಸಂಜೆ ಹೊತ್ತಾಗುತ್ತದೆ, ಆ ಹೊತ್ತಿಗೂ ಕೂಲಿ ಕೊಡಬೇಕು. ಅದನ್ನು ಉಳಿಸಲು ಹೋದರೆ ಮೊರವೂ ಶಿಕ್ಷೆಯಾಗುತ್ತದೆ. ಜನ ಸಿಗದೆ, ಮಳೆ ಬಂದು ಹಣ್ಣು ಉದುರಲು ಶುರುವಾದರೆ ಮಾತ್ರ ಅರೇಬಿಕಾಗೂ ಕೆ.ಜಿ. ಲೆಕ್ಕಕ್ಕೆ ಹೋಗುತ್ತೇವೆ. ಆಗಲೂ ಮೊರ ಬಿಡುವುದಿಲ್ಲ.