ಗಾಜಿನ ನಾರು ಬೆರೆತ ಥರ್ಮೊಪ್ಲಾಸ್ಟಿಕ್ ಟ್ಯಾಂಕ್: ಎರಡು ವರ್ಷಗಳ ಬಳಕೆಯ ನಂತರ

ನೀರಿನ ಗಡಸುತನ ತೆಗೆಯುವ ನಮ್ಮ ಘಟಕದಲ್ಲಿದ್ದ ಉಕ್ಕಿನ ಟ್ಯಾಂಕ್ ತಳದ ಬೆಸುಗೆಯಲ್ಲಿ ತುಕ್ಕು ಹಿಡಿದು ಸೋರತೊಡಗಿದಾಗ, ಅದರ ಜಾಗಕ್ಕೆ ಗಾಜಿನ ನಾರನ್ನೂ ಪಾಲಿಪ್ರೊಪಿಲೀನ್ ಎಂಬ ಥರ್ಮೊಪ್ಲಾಸ್ಟಿಕ್ಕನ್ನೂ (ಕಾಯಿಸಿದರೆ ಕರಗಿ, ತಣಿದರೆ ಗಟ್ಟಿಯಾಗುವ ಪ್ಲಾಸ್ಟಿಕ್) ಬೆರೆಸಿ ಮಾಡಿದ ಈ ಟ್ಯಾಂಕನ್ನು ತರಿಸಿದೆವು. ಮೊದಲು ಗಮನಕ್ಕೆ ಬಂದದ್ದು ಅದರ ಹಗುರತನ. ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.8 ಗ್ರಾಂ, ಗಾಜಿನ ನಾರಿನದು ಸುಮಾರು 2.6, ಪಾಲಿಪ್ರೊಪಿಲೀನಿನದು 0.9 ಮಾತ್ರ.

ಆದರೆ ಇದರ ನಿಜವಾದ ಹೆಚ್ಚುಗಾರಿಕೆ ಇರುವುದು ತಯಾರಿಕೆಯ ಕ್ರಮದಲ್ಲಿ. ಕರಗಿದ ಪಾಲಿಪ್ರೊಪಿಲೀನ್, ನಾರನ್ನು ಅಂಟಿಸಲು ಬಳಸುವ ದ್ರವವಾದ ಎಪಾಕ್ಸಿ ರಾಳಕ್ಕಿಂತ ಬಹಳ ಮಂದವಾಗಿರುವುದರಿಂದ ನಾರಿನ ಸಂದುಗಳಿಗೆ ಸುಲಭವಾಗಿ ಇಳಿಯುವುದಿಲ್ಲ. ಆದ್ದರಿಂದ ಗಾಜಿನ ಎಳೆಗಳನ್ನೂ ಪ್ಲಾಸ್ಟಿಕ್ ಎಳೆಗಳನ್ನೂ ಮೊದಲೇ ಒಂದೇ ನೂಲಿನಲ್ಲಿ ಬೆರೆಸಿ, ಆ ನೂಲನ್ನು ಪ್ಲಾಸ್ಟಿಕ್ ಒಳಪದರದ ಮೇಲೆ ಸುತ್ತಿ, ಅಚ್ಚಿನಲ್ಲಿಟ್ಟು ಕಾಯಿಸುತ್ತಾರೆ. ಶಾಖ ಸುಮಾರು 165 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಪ್ಲಾಸ್ಟಿಕ್ ಎಳೆಗಳು ಕರಗಿ, ಒಳಗಿನಿಂದ ಉಬ್ಬಿಸಿದ ಚೀಲದ ಒತ್ತಡಕ್ಕೆ ಗಾಜಿನ ಎಳೆಗಳನ್ನೆಲ್ಲ ತೋಯಿಸುತ್ತವೆ. ತಣಿದ ಮೇಲೆ ಒಳಪದರವೂ ಹೊರಕವಚವೂ ಬೆಸೆದುಕೊಂಡು ಒಂದೇ ಗೋಡೆಯಾಗುತ್ತದೆ. ರಾಳ ರಾಸಾಯನಿಕವಾಗಿ ಗಟ್ಟಿಯಾಗುವವರೆಗೆ ಕಾಯಬೇಕಿಲ್ಲ, ಪಾಲಿಯೆಸ್ಟರ್ ರಾಳದ ಕೆಲಸದಲ್ಲಿ ಮೂಗಿಗಡರುವ ಸ್ಟೈರೀನ್ ವಾಸನೆಯೂ ಇಲ್ಲ.

ಕೊಳ್ಳುವ ಮುನ್ನ ಗೋಡೆಯ ಕತ್ತರಿಸಿದ ತುಂಡೊಂದನ್ನು ತೋರಿಸುವಂತೆ ಕೇಳಿ. ನಾನು ನೋಡಿದ ಎರಡು ಮಾದರಿಗಳ ಪೈಕಿ ಒಂದರಲ್ಲಿ ಬಿಳಿಯ ಒಣ ಗೆರೆಗಳಿದ್ದವು, ಅಂದರೆ ಅಲ್ಲಿ ನಾರು ತೋಯ್ದಿರಲಿಲ್ಲ. ಅದನ್ನು ಬಿಟ್ಟು ಗೋಡೆಯುದ್ದಕ್ಕೂ ಒಂದೇ ಬಣ್ಣವಿದ್ದ ಮಾದರಿಯನ್ನು ಆರಿಸಿಕೊಂಡೆ. ಸಿಲಿಂಡರಿನ ಸುತ್ತಳತೆಯ ದಿಕ್ಕಿನಲ್ಲಿ ಬೀಳುವ ಎಳೆತ ಉದ್ದದ ದಿಕ್ಕಿನದಕ್ಕಿಂತ ಇಮ್ಮಡಿಯಾಗಿರುವುದರಿಂದ, ನೂಲನ್ನು ಒಂದೇ ಓರೆಯಲ್ಲಿ ಸುತ್ತಿದ್ದರೆ ಅದು ಅಕ್ಷಕ್ಕೆ 55 ಡಿಗ್ರಿಯ ಆಸುಪಾಸಿನಲ್ಲಿರಬೇಕು ಎಂಬುದನ್ನೂ ಗಮನಿಸಬಹುದು.

ಕೊರತೆಯೊಂದನ್ನು ಹೇಳಲೇಬೇಕು. ಈ ಟ್ಯಾಂಕ್ ಒಳಗಿನಿಂದ ಬರುವ ಒತ್ತಡವನ್ನು ತಾಳುವಷ್ಟು ಗಟ್ಟಿಯಾಗಿ ನಿರ್ವಾತವನ್ನು ತಾಳುವುದಿಲ್ಲ. ಕೆಳಗಿನ ನಲ್ಲಿಯನ್ನು ತೆರೆದಾಗ ಕೊಳವೆಯ ನೀರು ಸರ್ರನೆ ಇಳಿದು, ಟ್ಯಾಂಕ್ ಒಳಕ್ಕೆ ಎಳೆಯಲ್ಪಟ್ಟು ಕಿರುಗುಟ್ಟಿದ ದಿನ ನಾನು ನಿಜಕ್ಕೂ ಹೆದರಿದೆ. ಗಾಳಿಯನ್ನು ಒಳಬಿಡುವ ವಾಲ್ವ್ ಕಡ್ಡಾಯ, ನೀರು 50 ಡಿಗ್ರಿಗಿಂತ ಬಿಸಿಯಿರಬಾರದು ಎಂಬೆರಡು ಸೂಚನೆಗಳೂ ಕೈಪಿಡಿಯ ಕೊನೆಯ ಪುಟದ ಸಣ್ಣಕ್ಷರಗಳಲ್ಲಿದ್ದವು. ಅವು ಟ್ಯಾಂಕಿನ ಮೈಮೇಲೆಯೇ ಎದ್ದು ಕಾಣುವಂತಿರಬೇಕಿತ್ತು.

ವಾಲ್ವ್ ಜೋಡಿಸಿದ ಮೇಲೆ ಸೋರಿಕೆಯಾಗಲಿ ಬಿರುಕಾಗಲಿ ಕಂಡಿಲ್ಲ. ಎರಡನೆಯ ಘಟಕಕ್ಕೂ ಇದನ್ನೇ ತರಿಸಿದ್ದೇನೆ, ಈ ಬಾರಿ ವಾಲ್ವ್ ಸಮೇತ.