ವೀಸಾ ಇದೆ ಅಂತ ಸುಮ್ನೆ ಇರಬೇಡಿ, ಐ-94 ತಾರೀಖು ನೋಡಿಕೊಳ್ಳಿ

ಅಮೆರಿಕದಲ್ಲಿ ಎಚ್-1ಬಿ, ಎಲ್-1 ಅನ್ನುವ ಕೆಲಸದ ವೀಸಾ, ಎಚ್-1ಬಿಯವರ ಗಂಡ ಅಥವಾ ಹೆಂಡತಿ, ಮಕ್ಕಳಿಗೆ ಕೊಡುವ ಎಚ್-4 ಮೇಲೆ ಇರುವವರು, ಅಪ್ಪ ಅಮ್ಮನನ್ನು ವಿಸಿಟರ್ ವೀಸಾದಲ್ಲಿ ಕರೆಸಿಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಐ-94 ಅಂದರೆ ಆ ದೇಶದಲ್ಲಿ ಯಾವ ದಿನದ ತನಕ ಇರಬಹುದು ಅಂತ ಒಳಗೆ ಬಿಡುವಾಗ ಬರೆದುಕೊಳ್ಳುವ ದಾಖಲೆ. ನಾನು ಆ ದೇಶದಲ್ಲಿ 160 ದಿನ ಅಕ್ರಮವಾಗಿ ಇದ್ದೆ. ಅದರಲ್ಲಿ ಮೊದಲ 130 ಚಿಲ್ಲರೆ ದಿನ ನನಗೇ ಗೊತ್ತಿರಲಿಲ್ಲ.

2025ರ ಫೆಬ್ರವರಿ 5ಕ್ಕೆ ಅಮೆರಿಕದ ಸೇನಾ ವಿಮಾನವೊಂದು 104 ಭಾರತೀಯರನ್ನು ಹೊತ್ತು ಅಮೃತಸರದಲ್ಲಿ ಇಳಿಯಿತು. ಕೈಗೆ ಕೋಳ, ಕಾಲಿಗೆ ಸರಪಳಿ. ಆ ಶನಿವಾರ ಗೆಳೆಯರ ಮನೆಗೆ ಊಟಕ್ಕೆ ಹೋಗಿದ್ದೆವು. ಬೇರೆ ಮಾತೇ ಇರಲಿಲ್ಲ. ಗಡಿ ಅಂದಮೇಲೆ ಕಾಯಬೇಕು ಅಂತ ಕೆಲವರು. ಕೋಳ ಹಾಕುವಂಥದ್ದು ಏನು ಮಾಡಿದ್ದರು ಅಂತ ಇನ್ನು ಕೆಲವರು. 2023ರ ಹಣಕಾಸು ವರ್ಷದಲ್ಲಿ ಅಕ್ರಮವಾಗಿ ಒಳಬರುವಾಗ ಸಿಕ್ಕ ಭಾರತೀಯರು ಸುಮಾರು 97 ಸಾವಿರ. ಆ ಲೆಕ್ಕ ಎತ್ತಿದವನು ನಾನೇ. ಪನಾಮಾದ ಕಾಡು ದಾಟಿ, ಏಜೆಂಟರಿಗೆ ಲಕ್ಷಗಟ್ಟಲೆ ಸುರಿದು ಬರುವವರಿಂದ ಸಾಲಿನಲ್ಲಿ ನಿಂತು ಬಂದ ನಮಗೆ ಕೆಟ್ಟ ಹೆಸರು ಅಂತ ಜೋರಾಗಿಯೇ ಹೇಳಿದೆ. ಆವತ್ತಿಗೆ ನನ್ನ ಅಕ್ರಮ ವಾಸದ 128ನೇ ದಿನ.

ಗೊತ್ತಾದದ್ದು ಹತ್ತು ದಿನ ಬಿಟ್ಟು, ಡ್ರೈವಿಂಗ್ ಲೈಸೆನ್ಸ್ ಕೊಡುವ ಡಿಎಂವಿ ಕಚೇರಿಯಲ್ಲಿ. ಮೇ 7ರಿಂದ ದೇಶದೊಳಗಿನ ವಿಮಾನಕ್ಕೂ ರಿಯಲ್ ಐಡಿ ಅನ್ನುವ ಹೊಸ ಬಗೆಯ ಗುರುತಿನ ಚೀಟಿ ಬೇಕು ಅಂತ ಎಲ್ಲರೂ ಲೈಸೆನ್ಸ್ ಬದಲಾಯಿಸುತ್ತಿದ್ದರು. ನಾನೂ ಹೋದೆ. ಕೌಂಟರಿನಲ್ಲಿದ್ದ ಹೆಂಗಸು ನನ್ನ ಪಾಸ್‌ಪೋರ್ಟ್ ನೋಡಿದರು, ಟೈಪ್ ಮಾಡಿದರು, ಇನ್ನೊಂದು ಸಲ ಟೈಪ್ ಮಾಡಿದರು. ಆಮೇಲೆ ಏನೂ ಹೇಳದೆ ಪರದೆಯನ್ನು ನನ್ನ ಕಡೆ ತಿರುಗಿಸಿದರು. ನನ್ನ ಹೆಸರು, ಹುಟ್ಟಿದ ತಾರೀಖು, ಅದರ ಪಕ್ಕದಲ್ಲಿ 2024ರ ಅಕ್ಟೋಬರ್ 3. ನಿಮ್ಮ ವಾಸದ ಅವಧಿ ಅಲ್ಲಿಗೇ ಮುಗಿದಿದೆ, ಲೈಸೆನ್ಸ್ ಕೊಡಲು ಬರುವುದಿಲ್ಲ ಅಂದರು. ಕಂಪನಿ ಕೊಟ್ಟ ಐ-797, ಅಂದರೆ ಎಚ್-1ಬಿ ಅರ್ಜಿ ಒಪ್ಪಿಗೆಯಾದ ಪತ್ರ ತೋರಿಸಿದೆ. ಅದರಲ್ಲಿ 2026ರ ಸೆಪ್ಟೆಂಬರ್ ತನಕ ಇತ್ತು. ವೀಸಾ ಸ್ಟಾಂಪಿನಲ್ಲೂ ಅದೇ ಇತ್ತು. ಅವರು ತಲೆ ಅಲ್ಲಾಡಿಸಿದರು.

ಆಗಿದ್ದು ಇಷ್ಟೇ. 2024ರ ಜನವರಿಯಲ್ಲಿ ಊರಿಗೆ ಹೋಗಿ ವಾಪಸ್ ಬಂದಿದ್ದೆ. ನನ್ನ ಹಳೇ ಪಾಸ್‌ಪೋರ್ಟಿನ ಅವಧಿ ಅಕ್ಟೋಬರ್ 3ಕ್ಕೆ ಮುಗಿಯುತ್ತಿತ್ತು. ಹಾಗಿದ್ದಾಗ ವಿಮಾನ ನಿಲ್ದಾಣದ ಇಮಿಗ್ರೇಷನ್ ಅಧಿಕಾರಿ ಪಾಸ್‌ಪೋರ್ಟ್ ಮುಗಿಯುವ ದಿನದ ತನಕ ಮಾತ್ರ ಇರಲು ಬಿಡಬಹುದು. ವೀಸಾ ಇನ್ನೂ ಎರಡು ವರ್ಷ ಇದ್ದರೂ ಅಷ್ಟೇ. ಅವರು ತಪ್ಪೇನೂ ಮಾಡಿರಲಿಲ್ಲ. ಮಾರ್ಚ್‌ನಲ್ಲಿ ಪಾಸ್‌ಪೋರ್ಟ್ ರಿನ್ಯೂ ಮಾಡಿಸಿದೆ. ಹೊಸದು ಕೈಗೆ ಬಂತು, ಎಲ್ಲ ಸರಿಯಾಯಿತು ಅಂದುಕೊಂಡೆ. ಹೊಸ ಪಾಸ್‌ಪೋರ್ಟ್ ಬಂದರೆ ಐ-94 ತಾನಾಗಿ ಮುಂದೆ ಹೋಗುವುದಿಲ್ಲ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ವೀಸಾ ಅನ್ನುವುದು ಬಾಗಿಲು ತಟ್ಟಲು ಕೊಟ್ಟ ಚೀಟಿ ಅಷ್ಟೆ. ಒಳಗೆ ಎಷ್ಟು ದಿನ ಇರಬಹುದು ಅನ್ನುವುದು ಐ-94ರಲ್ಲಿ ಇರುತ್ತದೆ. ವಿಮಾನದಲ್ಲಿ ಬರುವವರಿಗೆ 2013ರಿಂದ ಕಾಗದದ ಐ-94 ಕೊಡುವುದು ನಿಂತಿದೆ. ಗಡಿ ಇಲಾಖೆ, ಅಂದರೆ ಸಿಬಿಪಿಯ ವೆಬ್‌ಸೈಟಿಗೆ ಹೋಗಿ ನಾವೇ ನೋಡಿಕೊಳ್ಳಬೇಕು. ಎರಡು ನಿಮಿಷದ ಕೆಲಸ. ಕೈಯಲ್ಲಿ ಕಾಗದ ಇಲ್ಲದಿದ್ದರಿಂದ ನೋಡಬೇಕು ಅಂತಲೇ ಹೊಳೆಯಲಿಲ್ಲ.

ಆವತ್ತು ರಾತ್ರಿ ಡ್ರಾಯರ್‌ನಿಂದ ಹಳೇ ಪಾಸ್‌ಪೋರ್ಟ್ ತೆಗೆದೆ. ರದ್ದಾಗಿದೆ ಅಂತ ಮೂಲೆ ಕತ್ತರಿಸಿ ವಾಪಸ್ ಕೊಟ್ಟಿದ್ದರು. ಒಳಗೆ ಜನವರಿಯ ಮುದ್ರೆ, ಅದರ ಕೆಳಗೆ ನೀಲಿ ಪೆನ್ನಲ್ಲಿ ಗೀಚಿದ ಅದೇ ಅಕ್ಟೋಬರ್ ತಾರೀಖು. ಮಗಳು ಹೆಗಲ ಮೇಲೆ ನಿದ್ದೆ ಮಾಡುತ್ತಿದ್ದಳು, ಬ್ಯಾಗು ಹುಡುಕುವ ಗಡಿಬಿಡಿ, ನಾನು ಪುಟ ತೆರೆದೇ ನೋಡಿರಲಿಲ್ಲ. ಹೆಂಡತಿ ಪಕ್ಕದಲ್ಲಿ ಕೂತು, "ರೀ, ಈಗ ನಮ್ಮನ್ನೂ ಹಾಗೇ ಕಳಿಸ್ತಾರಾ?" ಅಂತ ಕೇಳಿದಳು. ಅವಳ ಐ-94 ಸರಿಯಾಗಿಯೇ ಇತ್ತು. ಆದರೆ ಎಚ್-4 ನಿಂತಿರುವುದು ನನ್ನ ಎಚ್-1ಬಿ ಮೇಲೆ ಅಲ್ವಾ? ನನಗೆ ಉತ್ತರ ಹೇಳಲು ಆಗಲಿಲ್ಲ.

ಈ ಭಯದಲ್ಲಿ ಮಾಡಿದ ಎರಡನೇ ತಪ್ಪು ಇನ್ನೂ ದೊಡ್ಡದು. ಪರಿಚಯದವರೊಬ್ಬರು ಒಬ್ಬ ಇಮಿಗ್ರೇಷನ್ ಕನ್ಸಲ್ಟೆಂಟ್ ನಂಬರ್ ಕೊಟ್ಟರು. ಮರುದಿನವೇ ಹೋದೆ. ಗೋಡೆ ತುಂಬ ಫ್ರೇಮ್ ಹಾಕಿದ ಸರ್ಟಿಫಿಕೇಟುಗಳು. ಒಂದರಲ್ಲೂ ವಕೀಲ ಅಂತ ಇರಲಿಲ್ಲ ಅನ್ನುವುದು ಆಮೇಲೆ ನೆನಪಾಯಿತು. ಆತ ನನ್ನ ಕಾಗದ ಸರಿಯಾಗಿ ನೋಡಲೂ ಇಲ್ಲ. "ಏನೂ ಟೆನ್ಷನ್ ಮಾಡ್ಕೋಬೇಡಿ ಸಾರ್. ಅಸೈಲಂ ಹಾಕಿಬಿಡೋಣ. ದಿನದ ಲೆಕ್ಕ ಅಲ್ಲಿಗೇ ನಿಲ್ಲುತ್ತೆ. ಆರು ತಿಂಗಳಿಗೆ ವರ್ಕ್ ಪರ್ಮಿಟ್. ಕೇಸು ವರ್ಷಗಟ್ಟಲೆ ಎಳೆಯುತ್ತೆ, ಅಷ್ಟರಲ್ಲಿ ಏನಾದ್ರೂ ದಾರಿ ಆಗುತ್ತೆ," ಅಂದ. ಒಟ್ಟು 4,500 ಡಾಲರ್. ಅಲ್ಲೇ 1,500 ಅಡ್ವಾನ್ಸ್ ಕೊಟ್ಟೆ.

ಅಸೈಲಂ ಅಂದರೆ ಆಶ್ರಯ. ಊರಿಗೆ ಹೋದರೆ ಜೀವಕ್ಕೆ ಅಪಾಯ ಇರುವವರು ಕೇಳುವಂಥದ್ದು. ನನಗೆ ಯಾವ ಅಪಾಯ? ಅದನ್ನೇ ಕೇಳಿದೆ. "ಅದನ್ನ ನಾವು ಬರೀತೀವಿ ಸಾರ್, ನೀವು ಸೈನ್ ಮಾಡಿದ್ರೆ ಸಾಕು," ಅಂದ. ಎರಡು ದಿನ ಬಿಟ್ಟು ಕಳಿಸಿದ ಕರಡಿನಲ್ಲಿ ನನ್ನ ಹೆಸರಿನ ಕೆಳಗೆ ಬೇರೆ ಯಾರದೋ ಕಥೆ ಇತ್ತು. ನನಗೆ ಬಿದ್ದ ಏಟು, ಪೊಲೀಸರು ತೆಗೆದುಕೊಳ್ಳದ ದೂರು, ಯಾವುದೂ ನಡೆದೇ ಇಲ್ಲ. ಅರ್ಜಿ ತುಂಬಿದವರು ಸಹಿ ಹಾಕಬೇಕಾದ ಜಾಗ ಖಾಲಿ. ಅಲ್ಲಿ ನೀವು ಸೈನ್ ಮಾಡಲ್ವಾ ಅಂದರೆ, ಬೇಕಾಗಿಲ್ಲ ಅಂದ.

ನನ್ನ ಕೈ ಹಿಂದೆ ಬಂದದ್ದು ಆ ಖಾಲಿ ಜಾಗ ನೋಡಿ. ಸಹಿ ಮಾಡಲಿಲ್ಲ. ಬೇಕಂತಲೇ ಸುಳ್ಳು ಅಸೈಲಂ ಹಾಕಿದ್ದು ಅಂತ ತೀರ್ಮಾನವಾದರೆ ಆ ದೇಶದ ಯಾವ ಇಮಿಗ್ರೇಷನ್ ಸೌಲಭ್ಯವೂ ಜೀವನಪೂರ್ತಿ ಸಿಗುವುದಿಲ್ಲ. ಗ್ರೀನ್ ಕಾರ್ಡ್ ಆಸೆಯೂ ಅಲ್ಲಿಗೆ ಮುಗಿಯಿತು. ಇದನ್ನು ಆತ ನನಗೆ ಹೇಳಲೇ ಇಲ್ಲ. ಅಡ್ವಾನ್ಸ್ ದುಡ್ಡು ಇವತ್ತಿಗೂ ವಾಪಸ್ ಬಂದಿಲ್ಲ. ದುಡ್ಡು ಹೋದದ್ದಕ್ಕಿಂತ ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಅಲ್ಲಿನ ಇಮಿಗ್ರೇಷನ್ ಕೋರ್ಟುಗಳಲ್ಲಿ 2025ರಲ್ಲಿ 30 ಲಕ್ಷಕ್ಕೂ ಜಾಸ್ತಿ ಕೇಸು ಬಾಕಿ ಬಿದ್ದಿದ್ದವು. ನಿಜವಾಗಿ ಜೀವ ಉಳಿಸಿಕೊಂಡು ಓಡಿಬಂದವರು ಅದೇ ಸಾಲಿನಲ್ಲಿ ಇದ್ದಾರೆ. ಇಂಥ ಕಟ್ಟುಕಥೆಯ ಒಂದೊಂದು ಅರ್ಜಿಯೂ ಅವರನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ. ಆಶ್ರಯ ಕೇಳುವವರೆಲ್ಲ ಸುಳ್ಳುಗಾರರು ಅಂತ ಜನ ಅಂದುಕೊಳ್ಳುವುದೂ ಇದರಿಂದಲೇ.

ಕೊನೆಗೆ ನಿಜವಾದ ವಕೀಲರ ಹತ್ತಿರ ಹೋದೆ. ರಾಜ್ಯದ ಬಾರ್ ಅಸೋಸಿಯೇಷನ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ, ಲೈಸೆನ್ಸ್ ಇದೆ ಅಂತ ಖಾತ್ರಿ ಮಾಡಿಕೊಂಡೇ ಹೋದೆ. ಅವರು ಮೊದಲು ಹೇಳಿದ್ದು, ಇವತ್ತೇ ಕೆಲಸ ನಿಲ್ಲಿಸಿ. ಆಮೇಲೆ ಕ್ಯಾಲೆಂಡರ್ ಮುಂದಿಟ್ಟು ಬೆರಳಿಟ್ಟು ಎಣಿಸಿದರು. 180 ದಿನ ದಾಟಿ ದೇಶ ಬಿಟ್ಟರೆ 3 ವರ್ಷ ವಾಪಸ್ ಬರುವಂತಿಲ್ಲ. ಒಂದು ವರ್ಷ ದಾಟಿದರೆ 10 ವರ್ಷ. ನನ್ನ 180ನೇ ದಿನ ಏಪ್ರಿಲ್ 1. ತಡವಾದದ್ದನ್ನು ಮನ್ನಿಸಿ ಅವಧಿ ಮುಂದುವರಿಸಿ ಅಂತ ಕಂಪನಿಯಿಂದ ಅರ್ಜಿ ಹಾಕಿಸಬಹುದಿತ್ತು. ಆದರೆ ಒಪ್ಪುವುದು ಬಿಡುವುದು ಅಧಿಕಾರಿಯ ಮರ್ಜಿ, ಮತ್ತು ತಡವಾಗಿ ಹಾಕಿದ ಅರ್ಜಿಗೆ ದಿನದ ಎಣಿಕೆ ನಿಲ್ಲುವುದಿಲ್ಲ. ಅದೇ ವಾರ, ಫೆಬ್ರವರಿ 28ಕ್ಕೆ, ವಲಸೆ ಅರ್ಜಿಗಳನ್ನು ನೋಡುವ ಇಲಾಖೆ ಯುಎಸ್‌ಸಿಐಎಸ್ ಹೊಸ ಸೂಚನೆ ಹೊರಡಿಸಿತು. ಅರ್ಜಿ ತಿರಸ್ಕೃತವಾಗಿ, ದೇಶದಲ್ಲಿರಲು ಬೇರೆ ಆಧಾರ ಇಲ್ಲದವರಿಗೆ ಗಡೀಪಾರು ಕೋರ್ಟಿನ ನೋಟಿಸ್ ಕೊಡಬೇಕು ಅಂತ. ನಾವು ಹೊರಡುವುದೇ ಸರಿ ಅಂತ ತೀರ್ಮಾನಿಸಿದೆವು.

ಮಾರ್ಚ್ 12ಕ್ಕೆ ಮೂವರೂ ಹೊರಟೆವು. ಮಗಳಿಗೆ ರಜಾ ಅಂತ ಹೇಳಿದ್ದೆವು. ಸ್ಕೂಲ್ ಇರುವಾಗ ಯಾವ ರಜಾ ಅಂತ ದಾರಿಯುದ್ದಕ್ಕೂ ಕೇಳಿದಳು. ವಿಮಾನ ನಿಲ್ದಾಣದಲ್ಲಿದ್ದಾಗಲೂ ಆ ಕನ್ಸಲ್ಟೆಂಟ್ ಫೋನ್ ಮಾಡಿದ. "ಹೋಗಬೇಡಿ ಸಾರ್, ಹೋದ್ರೆ ವಾಪಸ್ ಬಿಡಲ್ಲ," ಅಂದ. ನಾನು ಫೋನ್ ಇಟ್ಟೆ.

ಐ-94 ಮೀರಿ ಇದ್ದದ್ದರಿಂದ ಹಳೇ ವೀಸಾ ತಾನಾಗೇ ರದ್ದಾಗಿತ್ತು. ಮತ್ತೆ ಅರ್ಜಿ, ಮತ್ತೆ ಇಂಟರ್‌ವ್ಯೂ. ವೀಸಾ ಅರ್ಜಿಯ ಡಿಎಸ್-160 ಫಾರಂನಲ್ಲಿ ಹಿಂದೆ ಅವಧಿ ಮೀರಿ ಇದ್ದಿರಾ ಅಂತ ಒಂದು ಪ್ರಶ್ನೆ ಇದೆ. ಹೌದು ಅಂತಲೇ ಬರೆದೆ, ನಡೆದದ್ದನ್ನೆಲ್ಲ ಬರೆದೆ. ಎರಡೂವರೆ ತಿಂಗಳು ಸಂಬಳ ಇಲ್ಲ.

ಗಡಿ ಕಾಯಬೇಕು ಅಂತ ಈಗಲೂ ನಾನು ಒಪ್ಪುತ್ತೇನೆ. ಆದರೆ ಅಕ್ರಮ ವಲಸೆ ಅಂದರೆ ಬೇಲಿ ಹಾರುವುದು ಮಾತ್ರ ಅಂತ ಅಂದುಕೊಂಡಿದ್ದೆನಲ್ಲ, ಅದು ತಪ್ಪು. 2023ರ ಲೆಕ್ಕದಲ್ಲೇ ವಿಮಾನ, ಹಡಗಿನಲ್ಲಿ ಸರಿಯಾಗಿ ಬಂದು ಅವಧಿ ಮೀರಿ ಉಳಿದದ್ದು 5 ಲಕ್ಷಕ್ಕೂ ಹೆಚ್ಚು ಸಲ. ಅವರಲ್ಲಿ ಬೇಕಂತಲೇ ಉಳಿದವರೂ ಇರುತ್ತಾರೆ, ನನ್ನ ಹಾಗೆ ತಾರೀಖು ನೋಡದವರೂ ಇರುತ್ತಾರೆ. ಗೆಳೆಯರ ಮನೆಯಲ್ಲಿ ನಾನು ಆಡಿದ ಮಾತಿಗೆ ಆಮೇಲೆ ಅವರ ಹತ್ತಿರ ಕ್ಷಮೆ ಕೇಳಿದೆ. ಅವರಿಗೂ ಐ-94 ತೆಗೆದು ನೋಡಿ ಅಂದೆ. ಒಬ್ಬರ ತಾಯಿಯದು ಒಂಬತ್ತು ದಿನದಲ್ಲಿ ಮುಗಿಯುವುದಿತ್ತು. ವೀಸಾ 10 ವರ್ಷದ್ದು ಅಂತ ನಿಶ್ಚಿಂತೆಯಿಂದ ಇದ್ದರು.

ಪ್ರತಿ ಸಲ ಒಳಗೆ ಬಂದಾಗಲೂ ನೋಡಿ. ಪಾಸ್‌ಪೋರ್ಟ್ ಮುಗಿಯುವ ಹತ್ತಿರ ಇದ್ದರೆ ರಿನ್ಯೂ ಮಾಡಿಸಿಕೊಂಡೇ ಪ್ರಯಾಣ ಮಾಡಿ. ಮನೆಯಲ್ಲಿ ಒಬ್ಬೊಬ್ಬರದೂ ಬೇರೆ ಬೇರೆ ನೋಡಿ, ಒಬ್ಬರದು ಸರಿ ಇದ್ದರೆ ಎಲ್ಲರದೂ ಸರಿ ಇರುತ್ತದೆ ಅಂತಿಲ್ಲ. ಫಾರಂ ತುಂಬಿಕೊಟ್ಟು ತಾನು ಸಹಿ ಹಾಕುವುದಿಲ್ಲ ಅನ್ನುವವರ ಹತ್ತಿರ ಒಂದು ನಿಮಿಷವೂ ಕೂರಬೇಡಿ, ಎಷ್ಟೇ ಭಯ ಆಗಿದ್ದರೂ.

ಮೇ ಕೊನೆಗೆ ವಾಪಸ್ ಬಂದೆವು. ಅಧಿಕಾರಿ ನಾಲ್ಕೈದು ಪ್ರಶ್ನೆ ಕೇಳಿ ಮುದ್ರೆ ಒತ್ತಿದರು. ಬ್ಯಾಗು ಬರುವ ಮೊದಲೇ ಬೆಲ್ಟ್ ಪಕ್ಕ ನಿಂತು ಪುಟ ತೆರೆದು ನೋಡಿದೆ, ಫೋನಿನಲ್ಲೂ ನೋಡಿದೆ. 2026ರ ಸೆಪ್ಟೆಂಬರ್ ಅಂತಿತ್ತು. ಹೆಂಡತಿ ತನ್ನ ಪಾಸ್‌ಪೋರ್ಟ್ ನನ್ನ ಕೈಗೆ ಕೊಟ್ಟಳು. ಅವಳದೂ ನೋಡಿದೆ.