ಚಂದಾ ತಂತ್ರಾಂಶವೋ, ಸ್ವಂತ ತಂತ್ರಾಂಶವೋ: ಮಲೆನಾಡಿನ ಸ್ಟುಡಿಯೊ, ಡಿಟಿಪಿ ಸೆಂಟರ್‌ಗಳ ಕಣ್ಣಿನಲ್ಲಿ

ಶಿವಮೊಗ್ಗದ ದುರ್ಗಿಗುಡಿ, ನೆಹರೂ ರಸ್ತೆ, ಗಾಂಧಿ ಬಜಾರ್ ಸುತ್ತಮುತ್ತಲಿನ ಫೋಟೋ ಸ್ಟುಡಿಯೊ ಮತ್ತು ಡಿಟಿಪಿ ಸೆಂಟರ್‌ಗಳಿಗೆ ವರ್ಷವಿಡೀ ಒಂದೇ ಸಮನಾದ ಕೆಲಸವಿರುವುದಿಲ್ಲ. ತುಳಸಿ ಹಬ್ಬ ಮುಗಿದ ಮೇಲೆ ಶುರುವಾಗುವ ಮದುವೆಗಳು ಧನುರ್ಮಾಸದಲ್ಲಿ ನಿಂತು, ಮತ್ತೆ ಮಾಘದಿಂದ ಮಳೆಗಾಲದ ಹೊಸ್ತಿಲವರೆಗೆ ಲಗ್ನಪತ್ರಿಕೆ, ಆಲ್ಬಂ, ಗೃಹಪ್ರವೇಶದ ಕಾರ್ಡು, ಜಾತ್ರೆ ಮತ್ತು ಯಕ್ಷಗಾನದ ಪೋಸ್ಟರುಗಳ ರೂಪದಲ್ಲಿ ಕೆಲಸ ತಂದುಕೊಡುತ್ತವೆ. ಆಷಾಢದಲ್ಲಿ ಗಿರಾಕಿಗಳೇ ಇರುವುದಿಲ್ಲ. ಚಿತ್ರ ತಿದ್ದುವ ತಂತ್ರಾಂಶವನ್ನು ಚಂದಾ ಕಟ್ಟಿ ಬಳಸಬೇಕೋ, ಒಮ್ಮೆಗೇ ಕೊಂಡುಕೊಳ್ಳಬೇಕೋ ಎಂಬ ಪ್ರಶ್ನೆಯನ್ನು ನಮ್ಮ ಊರಿನವರು ಈ ಲೆಕ್ಕದಿಂದಲೇ ನೋಡಬೇಕೆಂಬುದು ನನ್ನ ಅಭಿಪ್ರಾಯ. ಬೆಲೆಗಿಂತ ಮುಖ್ಯವಾದದ್ದು, ಹಣ ಕಟ್ಟುವುದು ನಿಂತ ತಿಂಗಳಲ್ಲಿ ನಮ್ಮ ಕಡತಗಳು ನಮ್ಮ ಕೈಗೆ ಸಿಗುತ್ತವೆಯೇ ಎಂಬುದು.

ಫೋಟೋಶಾಪ್ ತಯಾರಿಸುವ ಅಡೋಬಿ ಸಂಸ್ಥೆ 2012ರಲ್ಲಿ ಕ್ರಿಯೇಟಿವ್ ಕ್ಲೌಡ್ ಚಂದಾ ವ್ಯವಸ್ಥೆಯನ್ನು ತಂದು, ಮರುವರ್ಷವೇ ತನ್ನ ಹಳೆಯ ತಂತ್ರಾಂಶ ಗುಚ್ಛವಾದ ಕ್ರಿಯೇಟಿವ್ ಸೂಟ್‌ನ (ಸಿಎಸ್) ಆರನೆಯ ಆವೃತ್ತಿ ಸಿಎಸ್ 6 ನಂತರ ಒಮ್ಮೆಗೇ ಕೊಳ್ಳುವ ಆವೃತ್ತಿ ಬರುವುದಿಲ್ಲವೆಂದು ಘೋಷಿಸಿತು. ಇಂದು ಫೋಟೋಶಾಪ್ ಬೇಕೆಂದರೆ ಚಂದಾ ಕಟ್ಟಲೇಬೇಕು. ಇಲ್ಲಿ ಬಹಳ ಜನ ಗಮನಿಸದ ಒಂದು ಅಂಶವಿದೆ: ತಿಂಗಳು ತಿಂಗಳು ಹಣ ಕಡಿತವಾಗುವ ಯೋಜನೆಗಳೆಲ್ಲವೂ ತಿಂಗಳ ಯೋಜನೆಗಳಲ್ಲ. ಹೆಚ್ಚಿನವರು ಆರಿಸಿಕೊಳ್ಳುವ ಅಗ್ಗದ ಯೋಜನೆ ವಾಸ್ತವದಲ್ಲಿ ಒಂದು ವರ್ಷದ ಕರಾರು. ಹಣವನ್ನು ಮಾತ್ರ ಹನ್ನೆರಡು ಕಂತುಗಳಲ್ಲಿ ವಸೂಲು ಮಾಡುತ್ತಾರೆ. ಮೊದಲ 14 ದಿನಗಳ ನಂತರ ನಡುವೆ ಬಿಟ್ಟರೆ ಉಳಿದ ಕಂತುಗಳ ಅರ್ಧದಷ್ಟನ್ನು ರದ್ದತಿ ಶುಲ್ಕವಾಗಿ ಕೇಳುವುದು ಅಡೋಬಿಯ ಪದ್ಧತಿ. ಈ ಶುಲ್ಕವನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಲಿಲ್ಲವೆಂದು 2024ರ ಜೂನ್‌ನಲ್ಲಿ ಅಮೆರಿಕ ಸರ್ಕಾರವೇ ಸಂಸ್ಥೆಯ ವಿರುದ್ಧ ಮೊಕದ್ದಮೆ ಹೂಡಿತು. ಯಾವಾಗ ಬೇಕಾದರೂ ನಿಲ್ಲಿಸಬಹುದಾದ ನಿಜವಾದ ತಿಂಗಳ ಯೋಜನೆಯೂ ಇದೆ, ಆದರೆ ಅದರ ದರ ಹೆಚ್ಚು. ಮದುವೆಯ ತಿಂಗಳುಗಳಲ್ಲಿ ಮಾತ್ರ ಫೋಟೋಶಾಪ್ ಬೇಕಾಗುವ ಸಣ್ಣ ಸ್ಟುಡಿಯೊ ಎರಡೂ ಲೆಕ್ಕಗಳನ್ನು ಕಾಗದದ ಮೇಲೆ ಹಾಕಿ ನೋಡಬೇಕು; ವರ್ಷದಲ್ಲಿ ಮೂರ್ನಾಲ್ಕು ತಿಂಗಳ ಕೆಲಸವಷ್ಟೇ ಇರುವವರಿಗೆ ದುಬಾರಿ ಕಾಣುವ ತಿಂಗಳ ಯೋಜನೆಯೇ ಕೊನೆಗೆ ಅಗ್ಗವಾಗಬಹುದು.

ಮಳೆಗಾಲದಲ್ಲಿ ಹೊಸನಗರ, ತೀರ್ಥಹಳ್ಳಿ ಕಡೆ ಕರೆಂಟೂ ನೆಟ್‌ವರ್ಕೂ ಇಲ್ಲದೆ ದಿನಗಳು ಕಳೆಯುವುದರಿಂದ, ಚಂದಾ ತಂತ್ರಾಂಶ ನಮ್ಮ ಭಾಗಕ್ಕೆ ಆಗಿಬರುವುದಿಲ್ಲ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಈ ಭಯಕ್ಕೆ ಅಷ್ಟು ಆಧಾರವಿಲ್ಲ. ಫೋಟೋಶಾಪ್ ಕೆಲಸ ಮಾಡುವುದು ನಮ್ಮ ಕಂಪ್ಯೂಟರಿನಲ್ಲೇ. ವಾರ್ಷಿಕ ಚಂದಾದಾರರು 99 ದಿನಗಳವರೆಗೆ ಇಂಟರ್ನೆಟ್ ಇಲ್ಲದೆಯೂ ಅದನ್ನು ಬಳಸಬಹುದು, ತಿಂಗಳ ಚಂದಾದಾರರಿಗೆ ಈ ಅವಕಾಶ 30 ದಿನ. ಜನರೇಟಿವ್ ಫಿಲ್‌ನಂಥ ಕೃತಕ ಬುದ್ಧಿಮತ್ತೆಯ ಸೌಲಭ್ಯಗಳಿಗೆ ಮಾತ್ರ ಆ ಕ್ಷಣದಲ್ಲಿ ಸಂಪರ್ಕ ಬೇಕು, ಏಕೆಂದರೆ ಆ ಕೆಲಸ ಕಂಪನಿಯ ಸರ್ವರಿನಲ್ಲಿ ನಡೆಯುತ್ತದೆ.

ಚಂದಾ ಮುಗಿದ ಮೇಲಿನ ಪರಿಸ್ಥಿತಿ ಎಲ್ಲ ತಂತ್ರಾಂಶಗಳಲ್ಲೂ ಒಂದೇ ರೀತಿಯಲ್ಲ. ಫೋಟೋಗಳನ್ನು ಜೋಡಿಸಿ ತಿದ್ದುವ ಅಡೋಬಿಯ ಲೈಟ್‌ರೂಮ್ ಕ್ಲಾಸಿಕ್ ಆಗಲೂ ತೆರೆದುಕೊಳ್ಳುತ್ತದೆ. ಚಿತ್ರ ತಿದ್ದುವ ಡೆವಲಪ್ ವಿಭಾಗ ಮುಚ್ಚಿಹೋದರೂ ಚಿತ್ರಗಳನ್ನು ನೋಡಲು ಮತ್ತು ಹೊರತೆಗೆಯಲು ಅವಕಾಶವಿರುತ್ತದೆ. ಫೋಟೋಶಾಪ್ ಮತ್ತು ಪುಟ ವಿನ್ಯಾಸದ ಇನ್‌ಡಿಸೈನ್‌ಗಳಲ್ಲಿ ಆ ಔದಾರ್ಯವಿಲ್ಲ.

ಹಾಗಾದರೆ ಒಮ್ಮೆ ಕೊಂಡದ್ದು ಶಾಶ್ವತವೇ? ಅದೂ ಪೂರ್ತಿ ನಿಜವಲ್ಲ. ಕೊಂಡ ಪ್ರತಿಯನ್ನು ಪರಿಶೀಲಿಸಿ ಚಾಲೂ ಮಾಡಿಕೊಡುವ ಸಿಎಸ್ 2ರ ಆಕ್ಟಿವೇಶನ್ ಸರ್ವರುಗಳನ್ನು ಅಡೋಬಿ 2013ರ ಹೊತ್ತಿಗೆ ಮುಚ್ಚಿತು. 2019ರಲ್ಲಿ ಆಪಲ್ ಸಂಸ್ಥೆ ಮ್ಯಾಕ್ ಕಂಪ್ಯೂಟರುಗಳಲ್ಲಿ ಹಳೆಯ ಬಗೆಯ 32 ಬಿಟ್ ತಂತ್ರಾಂಶಗಳನ್ನು ನಿಲ್ಲಿಸಿದಾಗ ಹಳೆಯ ಸಿಎಸ್ ಆವೃತ್ತಿಗಳಿಗೆ ಅಲ್ಲಿ ಜಾಗವಿಲ್ಲದಾಯಿತು. ಆದರೂ ಹಳೆಯ ವಿಂಡೋಸ್ ಯಂತ್ರವೊಂದರಲ್ಲಿ ಅಧಿಕೃತವಾಗಿ ಕೊಂಡ ಸಿಎಸ್ 6 ಇದ್ದರೆ ಅದನ್ನು ಗುಜರಿಗೆ ಹಾಕಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ನಮ್ಮ ಪ್ರೆಸ್‌ಗಳಲ್ಲಿ ಹಳೆಯ ಪುಟ ವಿನ್ಯಾಸ ತಂತ್ರಾಂಶ ಪೇಜ್‌ಮೇಕರ್ 7ರಲ್ಲಿ ಮಾಡಿಟ್ಟ ಸ್ಮರಣ ಸಂಚಿಕೆ, ಸಹಕಾರ ಸಂಘದ ವಾರ್ಷಿಕ ವರದಿ ಮೊದಲಾದ ರಾಶಿ ರಾಶಿ ಕಡತಗಳಿವೆ. ಅವನ್ನು ತೆರೆಯುವ ಶಕ್ತಿ ಇನ್‌ಡಿಸೈನ್ ಸಿಎಸ್ 6ಕ್ಕೆ ಇದೆ, ನಂತರದ ಚಂದಾ ಆವೃತ್ತಿಗಳಿಗೆ ಇಲ್ಲ.

ವಿನ್ಯಾಸ ತಂತ್ರಾಂಶವಾದ ಕೋರಲ್‌ಡ್ರಾ ಚಂದಾ ಮತ್ತು ಖರೀದಿ ಎರಡೂ ದಾರಿಗಳನ್ನು ಇಟ್ಟುಕೊಂಡು ಬಂದಿದೆ. ಕೊಂಡವರಿಗೆ ನಂತರದ ಹೊಸ ಸೌಲಭ್ಯಗಳು ಸಿಗುವುದಿಲ್ಲ, ಆರಂಭದ ವೆಚ್ಚವೂ ದೊಡ್ಡದು. ಆದರೆ ನಮ್ಮ ಕಡೆಯ ಫ್ಲೆಕ್ಸ್ ಅಂಗಡಿ, ಸ್ಟಿಕ್ಕರ್ ಕಟಿಂಗ್, ಆಫ್‌ಸೆಟ್ ಪ್ರೆಸ್‌ನವರು ಮೊದಲು ಕೇಳುವುದೇ ಕೋರಲ್‌ಡ್ರಾದ ಸಿಡಿಆರ್ ಫೈಲನ್ನು. ಐದಾರು ವರ್ಷ ಒಂದೇ ಆವೃತ್ತಿಯಲ್ಲಿ ನೆಮ್ಮದಿಯಿಂದ ಕೆಲಸ ಮಾಡುವ ಡಿಟಿಪಿ ಸೆಂಟರಿಗೆ ಖರೀದಿಯೇ ಸರಿಯಾದದ್ದು.

ಅಫಿನಿಟಿಯ ಕಥೆ ಬೇರೆ. ಬ್ರಿಟನ್ನಿನ ಸೆರಿಫ್ ಸಂಸ್ಥೆ ರೂಪಿಸಿದ ಈ ತಂತ್ರಾಂಶ ಚಂದಾ ಬೇಡವೆಂಬುವರ ಮೊದಲ ಆಯ್ಕೆಯಾಗಿತ್ತು. 2024ರಲ್ಲಿ ಕ್ಯಾನ್ವಾ ಅದನ್ನು ಕೊಂಡುಕೊಂಡಿತು; 2025ರ ಅಕ್ಟೋಬರಿನಲ್ಲಿ ಚಿತ್ರ ತಿದ್ದುವಿಕೆ, ವೆಕ್ಟರ್ (ಗೆರೆಗಳಿಂದ ಬಿಡಿಸುವ ಚಿತ್ರ) ಮತ್ತು ಪುಟ ವಿನ್ಯಾಸ ಮೂರನ್ನೂ ಒಂದೇ ತಂತ್ರಾಂಶವಾಗಿಸಿ, ಕ್ಯಾನ್ವಾ ಖಾತೆ ಇರುವ ಯಾರಿಗಾದರೂ ಉಚಿತವಾಗಿ ಕೊಟ್ಟಿತು. ಕೃತಕ ಬುದ್ಧಿಮತ್ತೆಯ ಸೌಲಭ್ಯಗಳಿಗೆ ಮಾತ್ರ ಕ್ಯಾನ್ವಾದ ಚಂದಾ ಬೇಕು. ಆಲ್ಬಂ ಮತ್ತು ಬಣ್ಣ ತಿದ್ದುವ ಕೆಲಸಕ್ಕೆ ಇದನ್ನು ಧಾರಾಳವಾಗಿ ಶಿಫಾರಸು ಮಾಡಬಹುದು. ಕನ್ನಡ ಅಕ್ಷರಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಎರಡನೆಯ ಆವೃತ್ತಿಯವರೆಗೂ ಭಾರತೀಯ ಲಿಪಿಗಳನ್ನು ಕೂಡಿಸುವ ವ್ಯವಸ್ಥೆ ಅದರಲ್ಲಿ ಇರಲಿಲ್ಲ. ಲಗ್ನಪತ್ರಿಕೆಯಲ್ಲಿ ಬಂದೇ ಬರುವ ‘ಜ್ಯೇಷ್ಠ ಪುತ್ರ’ ಎಂಬ ಎರಡು ಪದಗಳನ್ನೇ ತೆಗೆದುಕೊಳ್ಳಿ: ಯ, ಠ, ರ ಮೂರೂ ಒತ್ತಾಗಿ ಕೆಳಗಿಳಿಯಬೇಕು. ಲಿಪಿ ಅರಿಯದ ತಂತ್ರಾಂಶದಲ್ಲಿ ಒತ್ತು ಕೆಳಗಿಳಿಯದೆ, ಅರ್ಧಾಕ್ಷರ ಮತ್ತು ಪೂರ್ಣಾಕ್ಷರಗಳು ಅಕ್ಕಪಕ್ಕದಲ್ಲಿ ನಿಂತುಬಿಡುತ್ತವೆ. ಮದುವೆ ಮನೆಯ ಹಿರಿಯರು ಅಂಥ ಪತ್ರಿಕೆಯನ್ನು ಕೈಯಲ್ಲಿ ಹಿಡಿಯುವುದಿಲ್ಲ. ಯಾವ ತಂತ್ರಾಂಶಕ್ಕೇ ಆಗಲಿ, ಹಣ ಕಟ್ಟುವ ಮೊದಲು ಈ ಎರಡು ಪದಗಳನ್ನೂ ‘ಸುಮುಹೂರ್ತ’ ಎಂಬ ಪದವನ್ನೂ ನೋಟೊ ಅಥವಾ ಅನೇಕ್‌ನಂಥ ಯೂನಿಕೋಡ್ ಫಾಂಟಿನಲ್ಲಿ ಟೈಪ್ ಮಾಡಿ ನೋಡಿ. ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಎಂಬ ಅಕ್ಷರ ಜೋಡಣೆಯ ಆಯ್ಕೆಯನ್ನು ಆರಿಸಿಕೊಂಡರೆ ಇವು ಸರಿಯಾಗಿ ಮೂಡುತ್ತವೆ, ಫೋಟೋಶಾಪ್‌ನಲ್ಲೂ ಅಂಥದೇ ಆಯ್ಕೆಯಿದೆ. ಈ ಒಂದು ಕಾರಣಕ್ಕೇ ನಾನು ಅಡೋಬಿಯ ಚಂದಾವನ್ನು ಪೂರ್ತಿಯಾಗಿ ತಳ್ಳಿಹಾಕಲಾರೆ.

ಅಕ್ಷರ ಜೋಡಣೆಯಲ್ಲಿ ಉಚಿತ ಮುಕ್ತ ತಂತ್ರಾಂಶಗಳೇನೂ ಹಿಂದೆ ಬಿದ್ದಿಲ್ಲ. ಚಿತ್ರ ತಿದ್ದುವ ಗಿಂಪ್ ಮತ್ತು ವೆಕ್ಟರ್ ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಎರಡೂ ಕನ್ನಡದ ಒತ್ತಕ್ಷರಗಳನ್ನು ತಪ್ಪಿಲ್ಲದೆ ಕೂಡಿಸುತ್ತವೆ. 2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3.0ರಲ್ಲಿ ಮೂಲ ಚಿತ್ರ ಕೆಡದಂತೆ ಫಿಲ್ಟರ್ ಹಾಕಿ ನಂತರ ಬದಲಿಸುವ ಅನುಕೂಲವೂ ಸೇರಿದೆ. ಇಂಕ್‌ಸ್ಕೇಪಿನ ದೊಡ್ಡ ಕೊರತೆಯೆಂದರೆ ಆಫ್‌ಸೆಟ್ ಮುದ್ರಣಕ್ಕೆ ಬೇಕಾದ ನಾಲ್ಕು ಬಣ್ಣಗಳ ಫೈಲನ್ನು ಅದು ನೇರವಾಗಿ ಕೊಡದಿರುವುದು. ಅದಕ್ಕೆ ಪುಟ ವಿನ್ಯಾಸದ ಉಚಿತ ತಂತ್ರಾಂಶ ಸ್ಕ್ರೈಬಸ್‌ನ ನೆರವು ಬೇಕಾಗುತ್ತದೆ. ಹೊಸದಾಗಿ ಡಿಸೈನ್ ಕಲಿಯುತ್ತಿರುವ ಹುಡುಗ ಹುಡುಗಿಯರು ಕ್ರ್ಯಾಕ್ ಮಾಡಿದ ಫೋಟೋಶಾಪ್ ಹಾಕಿಕೊಂಡು ವೈರಸ್ಸನ್ನೂ ಕಾನೂನಿನ ತೊಂದರೆಯನ್ನೂ ಮೈಮೇಲೆ ಎಳೆದುಕೊಳ್ಳುವ ಬದಲು ಇಲ್ಲಿಂದಲೇ ಶುರುಮಾಡಲಿ.

ಚಂದಾ ಕಟ್ಟುವವರು ಪ್ರತಿ ಹಂಗಾಮು ಮುಗಿಯುತ್ತಿದ್ದಂತೆ, ಅಂದರೆ ಯೋಜನೆ ನಿಲ್ಲಿಸುವ ಮೊದಲು, ಪ್ರತಿ ಕೆಲಸದ ಮೂರು ಪ್ರತಿಗಳನ್ನು ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳಬೇಕು. ಮುದ್ರಣಕ್ಕೆ ಹೋದ ಪಿಡಿಎಫ್ ಒಂದು. ಚಿತ್ರಗಳ ಪೂರ್ಣ ಗಾತ್ರದ ಟಿಫ್ ಇನ್ನೊಂದು. ಪುಟ ವಿನ್ಯಾಸವಾಗಿದ್ದರೆ ಇನ್‌ಡಿಸೈನ್‌ನ ಮೂಲ ಕಡತದ ಜೊತೆಗೆ ಐಡಿಎಂಎಲ್ (ಬೇರೆ ತಂತ್ರಾಂಶಕ್ಕೆ ಒಯ್ಯಬಹುದಾದ ಕಡತ ರೂಪ) ಮತ್ತೊಂದು, ಏಕೆಂದರೆ ಅಫಿನಿಟಿ ಅದನ್ನು ತೆರೆಯಬಲ್ಲದು. ಬಳಸಿದ ಫಾಂಟುಗಳನ್ನೂ ಅದೇ ಫೋಲ್ಡರಿನಲ್ಲಿ ಇಡಬೇಕು. ‘ನುಡಿ’ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಮಾಡಿದ ಕೆಲಸವಾದರೆ ಇದು ಇನ್ನೂ ಅಗತ್ಯ. ಯೂನಿಕೋಡ್ ಅಲ್ಲದ ಆ ಫಾಂಟು ಇಲ್ಲದ ಯಂತ್ರದಲ್ಲಿ ಇಡೀ ಲಗ್ನಪತ್ರಿಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ.